ಗಿಳಿ ಕೊರೆದ ತಾಟು

ಮೊನ್ನೆ ಆಂಟಾಪ್ ಹಿಲ್‌ನ ಪಾತ್ರೆ ಅಂಗಡಿಯಲ್ಲಿ ಮಗಳಿಗೊಂದು ಸ್ಟೀಲ್ ತಾಟು ಕೊಂಡೆ. ಅಂಗಡಿಯವನು ಹೆಸರು ಕೊರೆಯುವ ಮಶೀನು ಎತ್ತಿಕೊಂಡು, ಯಾವ ಹೆಸರು ಹಾಕಲಿ ಎಂದು ಹಿಂದಿಯಲ್ಲಿ ಕೇಳಿದ. ಹಿಂದಿನ ಗಿರಾಕಿಯ ಡಬ್ಬಿಯ ಮೇಲೆ ಅದು ಕಿರ್ರೆಂದ ಸದ್ದು ಇನ್ನೂ ಕಿವಿಯಲ್ಲಿತ್ತು. ಹೆಸರು ಹೇಳಲು ಬಾಯಿ ತೆರೆದೆ. ಹಿಂದೆ ನಮ್ಮ ಎದುರು ಮನೆಯಲ್ಲಿದ್ದ ಚಿಗವ್ವ ನೆನಪಾದಳು…

ಅವಳೇನೂ ನಮ್ಮ ಬಳಗವಲ್ಲ. ಅವರೂ ವಿಜಯಪುರದ ಕಡೆಯವರು ಎಂಬ ಒಂದೇ ಕಾರಣಕ್ಕೆ ಹಾಗೆ ಕರೆಯುತ್ತಿದ್ದೆವು. ಜೋಪಡಿಗಳನ್ನು ಕೆಡವಿ ನಮಗೆಲ್ಲ ಬಿಲ್ಡಿಂಗಿನಲ್ಲಿ ಖೋಲಿ ಕೊಟ್ಟಾಗ ಅವಳಷ್ಟು ಹಿಗ್ಗಿದವರಿಲ್ಲ. ಜೋಪಡಿಯಲ್ಲಿ ಅವಳ ಬಾಗಿಲು ಮಲಗುವವರೆಗೂ ತೆರೆದೇ ಇರುತ್ತಿತ್ತು. ಇಲ್ಲಿಗೆ ಬಂದ ಮೇಲೆ ಹಗಲಿಗೂ ಚಿಲಕ ಹಾಕತೊಡಗಿದಳು. ಬಿಲ್ಡಿಂಗಿನವರು ಹಾಗೇ ಇರುವುದಂತೆ. ಇದ್ದೊಂದು ಕಿಟಕಿಯಾಚೆ ಕೈಗೆಟಕುವಷ್ಟು ಹತ್ತಿರ ಪಕ್ಕದ ಬಿಲ್ಡಿಂಗಿನ ಗೋಡೆ. ಮೇಲಿನವರು ಎಸೆದ ಕಸವೆಲ್ಲ ನಡುವಿನ ಸಂದಿಯಲ್ಲಿ ಕೊಳೆಯುತ್ತಿತ್ತು. ನಾತ ತಾಳದೆ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಡಿದಳು. ನಾವೂ ಬಡಿದಿದ್ದೆವು. ಮಟಮಟ ಮಧ್ಯಾಹ್ನವೂ ಲೈಟು ಹಾಕಬೇಕಿತ್ತು.

ಅವಳ ಗಂಡ ಪವಾಯಿಯಲ್ಲಿ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ಕೆಮ್ಮು ಹತ್ತಿತು, ರಕ್ತ ಬಿತ್ತು. ಟೀಬಿ ಎಂಬ ಮಾತನ್ನು ಅವರ ಮನೆಯಲ್ಲಿ ಯಾರೂ ಆಡಲಿಲ್ಲ. ಮಗಳಿಗೆ ವರ ಹುಡುಕುತ್ತಿದ್ದರಲ್ಲ, ಸುದ್ದಿ ಹಬ್ಬಿದರೆ ಸಂಬಂಧ ಮುರಿಯುತ್ತಿತ್ತು. ಸರಕಾರಿ ದವಾಖಾನೆಯ ಕಡೆ ತಲೆಯನ್ನೂ ಹಾಕದೆ, ದೂರದ ವಿಲೆ ಪಾರ್ಲೆಯ ಯಾವನೋ ಡಾಕ್ಟರನ ಹತ್ತಿರ ಗುಟ್ಟಾಗಿ ಔಷಧ ತರುತ್ತಿದ್ದರು.

ಮಗಳಿಗೆ ರೋಗ ತಾಗದ ಹಾಗೆ ಕಾಯುವುದೇ ಚಿಗವ್ವನಿಗೆ ಹಗಲಿರುಳಿನ ಧ್ಯಾನವಾಯಿತು. ಓದು ಬರದವಳು, ಹೆಸರು ಬರೆಸಿದರೆ ಗುರುತು ಸಿಗದೆಂದು ತಾಟುಗಳ ಮೇಲೆ ಚಿತ್ರ ಕೊರೆಸಿಕೊಂಡು ಬಂದಳು. ಗಂಡನದಕ್ಕೆ ಹೂವು, ಮಗಳದಕ್ಕೆ ಗಿಳಿ. ಹೂವಿನ ತಾಟನ್ನು ಬೇರೆ ತೊಳೆದು, ಬಿಸಿನೀರಿನಲ್ಲಿ ಅದ್ದಿ, ಬೇರೆ ಮೊಳೆಗೆ ತೂಗುಹಾಕುತ್ತಿದ್ದಳು. ಎಂಥ ಶಿಸ್ತು! ರಾತ್ರಿಯಾದರೆ ಮಾತ್ರ ಕಿಟಕಿ ಬಾಗಿಲು ಹಾಕಿಕೊಂಡು ಮೂವರೂ ಆ ಒಂದೇ ಖೋಲಿಯಲ್ಲಿ ಮಲಗುತ್ತಿದ್ದರು.

ಮಳೆಗಾಲ ಮುಗಿಯುವಷ್ಟರಲ್ಲಿ ಗಂಡ ಹೋದ. ಲಿಫ್ಟಿನಲ್ಲಿ ಹೆಣ ಮಲಗಿಸಲು ಜಾಗವಿಲ್ಲದೆ ಮೆಟ್ಟಿಲ ಮೇಲೆಯೇ ಇಳಿಸಿದರು. ಆ ಮೆಟ್ಟಿಲುಗಳಿಗೆ ಅದೇನೂ ಹೊಸದಾಗಿರಲಿಲ್ಲ. ಆಮೇಲೆ ಮಗಳು ಕೆಮ್ಮತೊಡಗಿದಳು.

ಆ ದಿನ ನಾನು ಅಲ್ಲೇ ಇದ್ದೆ. ಚಿಗವ್ವ ಮಗಳ ಗಲ್ಲ ಹಿಡಿದು ಕೇಳಿದಳು. "ಅಪ್ಪನ ತಾಟಿನ್ಯಾಗ ಉಂಡಿಯಿಲ್ಲೋ? ಖರೇ ಹೇಳು."

"ಇಲ್ಲವ್ವ. ನಾ ಮುಟ್ಟಿಲ್ಲ."

ಚಿಗವ್ವ ನಂಬಲಿಲ್ಲ. ಇಷ್ಟು ಕಾದರೂ ರೋಗ ಬಂದಿತೆಂದರೆ ಹುಡುಗಿಯೇ ಕಣ್ಣು ತಪ್ಪಿಸಿ ಉಂಡಿರಬೇಕು ಎಂದು ಹಟ ಹಿಡಿದಳು. ಮದ್ದು ಕುಡಿಸುವಾಗಲೂ ಅದೇ ಮಾತು ಎತ್ತುತ್ತಿದ್ದಳು. ಹುಡುಗಿ ಅಳುತ್ತಿದ್ದಳು, ಕಡೆಕಡೆಗೆ ಅಳುವುದಕ್ಕೂ ಉಸಿರು ಸಾಲುತ್ತಿರಲಿಲ್ಲ. ಮುಟ್ಟಿಲ್ಲ ಎನ್ನುತ್ತಲೇ ಪ್ರಾಣ ಬಿಟ್ಟಳು…

ಆಮೇಲೆ ಮುನ್ಸಿಪಾಲ್ಟಿಯ ಹೆಂಗಸರು ಎಲ್ಲರ ಕಫ ತಪಾಸಣೆಗೆ ಬಂದರು. ಚಿಗವ್ವ ಅವರನ್ನು ಕೇಳಿದ್ದು ಒಂದೇ ಪ್ರಶ್ನೆ, ತಾಟಿನಿಂದ ಬರುತ್ತದೆಯೇ ಎಂದು. ತಾಟಿನಿಂದ ಬರುವುದಿಲ್ಲ ತಾಯಿ, ಕೆಮ್ಮಿದ ಗಾಳಿಯಿಂದ ಬರುತ್ತದೆ, ಕಿಟಕಿ ಯಾಕೆ ಮುಚ್ಚಿದ್ದೀರಿ ಎಂದರು. ಸಂಜೆ ಚಿಗವ್ವ ನಮ್ಮ ಹೊಸ್ತಿಲಲ್ಲಿ ಬಂದು ಕೂತು ಅವ್ವನಿಗೆ ಹೇಳಿದಳು. "ಆಕಿ ಮುಟ್ಟಿರಲಿಲ್ಲಂತ, ಅಕ್ಕಾ. ಖರೇನ ಹೇಳಿದ್ಲು."

ಅಂದಿನಿಂದ ಗಿಳಿಯ ತಾಟಿನಲ್ಲೇ ಉಂಡಳು. ಕೆಲ ವರ್ಷಗಳ ಮೇಲೆ ಅವಳೂ ಅದೇ ಕೆಮ್ಮಿನಲ್ಲಿ ಹೋದಳು. ಮಗಳು ಹೋದ ದುಃಖಕ್ಕಿಂತ, ಅವಳ ಮಾತು ನಂಬಲಿಲ್ಲವೆಂಬ ಸಂಕಟವೇ ಅವಳನ್ನು ಹೆಚ್ಚು ತಿಂದಿತು ಅನ್ನಿಸುತ್ತದೆ ನನಗೆ.

ಅಂಗಡಿಯವನು ಮತ್ತೆ ಹೆಸರು ಕೇಳಿದ. ಬೇಡ ಎಂದು ತಾಟನ್ನು ಚೀಲಕ್ಕೆ ಹಾಕಿಕೊಂಡೆ. ಬರುವಾಗ ನಮ್ಮ ಹಳೆಯ ಬಿಲ್ಡಿಂಗಿನ ಸಂದಿಗೊಮ್ಮೆ ಇಣುಕಿದೆ. ಚಿಗವ್ವನ ಖೋಲಿಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಕಿಟಕಿಗೆ ಹೊಸ ಪ್ಲಾಸ್ಟಿಕ್ ಬಡಿದಿದ್ದರು.