ನೀರಿಗೆ ಅದ್ದಿದ ಕಪ್ಲಿಂಗ್

ತಿಪ್ಪೇಶ, ಆ ಕಪ್ಲಿಂಗ್ ಕೆಡಿಸಿದವನು ನಾನು. ನಿನ್ನ ಮೊಣಕೈ ಮುರಿದವನು ನಾನೆಂಬುದು ಹೊಸದುರ್ಗಕ್ಕೆಲ್ಲ ಗೊತ್ತು. ಕಪ್ಲಿಂಗಿನ ವಿಷಯ ಇವತ್ತಿನವರೆಗೆ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು — ನೀನಂತೂ ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಹೊಳಲ್ಕೆರೆಯ ಯಜಮಾನರ ಹಳೆಯ ಡೀಸೆಲ್ ಕಾರು ನಮ್ಮ ಗ್ಯಾರೇಜಿಗೆ ಬಂದಿತ್ತು. ಇಂಜಿನ್ನಿನಿಂದ ಡೀಸೆಲ್ ಪಂಪನ್ನು ತಿರುಗಿಸುವ ಕಪ್ಲಿಂಗ್ ಎರಡು ಹೋಳಾಗಿತ್ತು. ಅಂಥ ಕಾರೇ ಈಗ ಕಾಣುವುದಿಲ್ಲ, ಹೊಸ ಸಾಮಾನು ಎಲ್ಲಿಂದ ಸಿಗಬೇಕು? ಬೆಸುಗೆ ಹಾಕಿದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ — ಇಲ್ಲ, ನನಗೆ ನನ್ನ ಕೈಚಳಕದ ಕೊಬ್ಬು. ಮಾಡದಕೆರೆಯ ಕುಲುಮೆಯಲ್ಲಿ ನೇಗಿಲ ಕುಳವನ್ನು ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ ಗಟ್ಟಿ ಮಾಡುವುದನ್ನು ನೋಡುತ್ತ ಬೆಳೆದವನು. ಇದನ್ನೂ ಹಾಗೆಯೇ ಕಾಯಿಸಿದೆ.

"ಭಾವ, ನೀರಿಗೆ ಹಾಕಬ್ಯಾಡ್ರಿ. ಇದು ಕುಳ ಅಲ್ಲ, ಪೆಡಸಾಗಿ ಸೀಳ್ತೈತೆ. ಬೂದ್ಯಾಗೆ ಮುಚ್ಚಿಡಾಣ, ತಾನೇ ಆರ್ಲಿ," ಅಂದೆ ನೀನು.

"ಹೆಂಡ್ತಿ ತಮ್ಮ ಅಂತ ಸೇರಿಸ್ಕಂಡ್ರೆ ನನಗೇ ಪಾಠ ಹೇಳ್ತೀಯೇನ್ಲೇ?" ಎಂದು ಅದ್ದಿಯೇಬಿಟ್ಟೆ.

ಅದನ್ನೇ ಹಾಕಿ ಕಳಿಸಿದ ಕಾರು ರಾಮಗಿರಿಯ ರೈಲ್ವೆ ಗೇಟಿನಲ್ಲಿ, ಹಳಿಗಳ ಮೇಲೆಯೇ ನಿಂತುಹೋಯಿತು. ಒಳಗೆ ಯಜಮಾನರ ತಾಯಿ ಇದ್ದರು. ಜನ ಓಡಿಬಂದು ತಳ್ಳಿದ್ದರಿಂದ ಜೀವ ಉಳಿಯಿತು. ಮರುದಿನ ಯಜಮಾನರು ಬಂದು ಕಪ್ಲಿಂಗಿನ ತುಂಡುಗಳನ್ನು ನನ್ನ ಎದೆಗೆಸೆದರು. "ಯಾವನ್ಲೇ ಇದಕ್ಕೆ ಕೈ ಹಾಕ್ದೋನು?"

ನಾನು ನಿನ್ನತ್ತ ಬೆರಳು ತೋರಿಸಿದೆ. ನೀನು "ಭಾವ..." ಎಂದು ಬಾಯಿ ತೆರೆದೆ — ತೆರೆದೆ ಅಷ್ಟೇ. ಜಾಕಿನ ರಾಡು ನನ್ನ ಕೈಯಲ್ಲಿತ್ತು. ಮೊದಲ ಏಟು ಹೆಗಲಿಗೆ. ಮುಂದಿನದನ್ನು ತಡೆಯಲು ನೀನು ಬಲಗೈ ಎತ್ತಿದೆ, ಮೊಣಕೈ ಲಟಕ್ಕೆಂದಿತು. ಬಿದ್ದವನನ್ನು ಒದ್ದೆ. ಬಾಯಿಗೇ ಒದ್ದೆ. ಹಲ್ಲು ಕಿತ್ತುಬಂದು ಆಯಿಲಿನ ನೆಲದ ಮೇಲೆ ಬಿತ್ತು, ಆಮೇಲೂ ಒದ್ದೆ. ಕೊನೆಗೆ ಯಜಮಾನರೇ ನನ್ನನ್ನು ಹಿಡಿದೆಳೆದು, "ಬಿಡಪ್ಪ, ಸತ್ತೋಗ್ತಾನೆ!" ಎಂದು ಕಿರುಚಿದರು. ಕೆಲಸದ ಮೇಲೆ ಎಂಥ ಅಭಿಮಾನ, ಅದಕ್ಕೇ ಅಷ್ಟು ಸಿಟ್ಟು ಎಂದು ಜನ ನನ್ನನ್ನೇ ಹೊಗಳಿದರು. ಅದು ಸಿಟ್ಟಲ್ಲ, ತಿಪ್ಪೇಶ. ನೀನು ನಿಜ ಹೇಳಿಬಿಡಬಾರದು — ಅದಕ್ಕೇ ಹೊಡೆದೆ.

ಆ ಕೈ ಮತ್ತೆ ಮಡಚಲಿಲ್ಲ. ತುತ್ತು ಬಾಯಿಗೆ ತರಲಾಗದೆ ಎಡಗೈಯಲ್ಲಿ ಉಣ್ಣುತ್ತೀಯ. ಮದುವೆ ಮನೆಗಳಲ್ಲಿ ಪಂಕ್ತಿಗೆ ಕೂರುವುದೇ ಇಲ್ಲವಂತೆ. ನಿನ್ನ ಅಕ್ಕನೂ ನನ್ನ ಮಾತನ್ನೇ ನಂಬಿದಳು. ನಾನು ಬೇಡವೆಂದೆ ಎಂದು ಶ್ರೀರಾಂಪುರದ ನಿನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಇವತ್ತು ಊಟಕ್ಕೆ ಕೂತಾಗ ಅವಳಿಗೆ ಎಲ್ಲ ಹೇಳಿದೆ. ಸಾರಿನ ಸೌಟು ಹಿಡಿದೇ ಕೇಳಿದಳು: "ಅವ್ನು ಬ್ಯಾಡ ಅಂದಿದ್ನಾ?"

"ಅಂದಿದ್ದ."

ಆ ಸೌಟಿನಿಂದಲೇ ಹಣೆಗೆ ಬಾರಿಸಿದಳು. ರಕ್ತ ಬಂತು. ಅವಳು ತಿರುಗಿ ನೋಡದೆ ಶ್ರೀರಾಂಪುರದ ಬಸ್ಸು ಹತ್ತಿದ್ದಾಳೆ — ಬಾಗಿಲು ತೆಗೆ. ನಾಳೆ ನಾನು ಹೊಳಲ್ಕೆರೆಗೆ ಹೋಗಿ ಯಜಮಾನರ ಮುಂದೆಯೂ ಹೇಳುತ್ತೇನೆ. ನಿನ್ನ ಮನೆಗೆ ಮಾತ್ರ ಬರಲಾರೆ. ಕ್ಷಮಿಸು ಎಂದು ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.