ಇಫ್ತಾರಿನ ಎರಡು ನಿಮಿಷ

ಕುಣಿಗಲ್‌ನಲ್ಲಿ ಮಸೀದಿ ಇದ್ದ ಗಲ್ಲಿಯಲ್ಲೇ ನನ್ನ ವಾಚ್ ರಿಪೇರಿ ಅಂಗಡಿ. ರಂಜಾನ್ ತಿಂಗಳ ಸಂಜೆ ಉಪವಾಸ ಬಿಡುವ ಹೊತ್ತಿಗೆ ನಾನು ಗೋಡೆ ಗಡಿಯಾರ ನೋಡಿ ಕೈ ಎತ್ತಬೇಕು, ಆಗಲೇ ಮಸೀದಿಯ ಚಾಚಾ ಸೈರನ್ ಒತ್ತುತ್ತಿದ್ದರು. ಇಡೀ ಮೊಹಲ್ಲಾ ಖರ್ಜೂರ ಬಾಯಿಗಿಡುತ್ತಿದ್ದುದು ನನ್ನ ಕೈ ಮೇಲೆದ್ದ ಮೇಲೆ. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು, ಎದುರುಗಡೆ ಒಬ್ಬ ಇಂಟರ್‌ನೆಟ್ ಸೆಂಟರ್ ತೆರೆದ. ನನ್ನದೇ ವಯಸ್ಸು, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಸದಾ ನಗು. ಆ ನಗುವೇ ನನಗೆ ಆಗುತ್ತಿರಲಿಲ್ಲ. ಬಾಗಿಲ ಹತ್ತಿರದ ಕಂಪ್ಯೂಟರಿನಲ್ಲಿ ಪರದೆ ತುಂಬ ದಪ್ಪ ಅಂಕಿಗಳ ಗಡಿಯಾರ ಹಾಕಿಟ್ಟಿದ್ದ. "ಇದು ನೆಟ್‌ನಿಂದ ತಾನೇ ಟೈಮ್ ತಗೊಳ್ಳುತ್ತೆ ಚಾಚಾ, ಹಿಂದೆ ಮುಂದೆ ಆದ್ರೆ ತಾನೇ ಸರಿ ಮಾಡ್ಕೊಳ್ಳುತ್ತೆ" ಅಂದನಂತೆ. ಮಾರನೆಯ ಸಂಜೆ ಚಾಚಾ ನನ್ನ ಕಡೆ ತಿರುಗಿಯೂ ನೋಡದೆ ಅವನ ಪರದೆ ನೋಡಿ ಸೈರನ್ ಒತ್ತಿದರು. ನನ್ನ ಕೈ ಅದಾಗಲೇ ಮೇಲಿತ್ತು. ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡೆ.

ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಅವನದು ತಪ್ಪೆಂದು ತೋರಿಸಲೇಬೇಕು ಎಂದು ಮರುದಿನ ಮಧ್ಯಾಹ್ನ ರಸ್ತೆ ದಾಟಿದೆ. "ಏನ್ ಸ್ವಾಮಿ, ನಿಮ್ ಕಂಪ್ಯೂಟರ್ ಎರಡು ನಿಮಿಷ ಹಿಂದೈತೆ. ಉಪವಾಸ ಇರೋರ ಹತ್ರ ಆಟ ಆಡ್ತಿದೀರಾ?"

ಅವನು ವಾದಿಸಲಿಲ್ಲ. ನೆಟ್ ಕನೆಕ್ಟ್ ಮಾಡಿ, ಮೂಲೆಯಲ್ಲಿದ್ದ ಟೈಮ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಅಪ್‌ಡೇಟ್ ಬಟನ್ ಒತ್ತಿದ. ಅಂಕಿಗಳು ಹಿಂದೆಯೂ ಹೋಗಲಿಲ್ಲ, ಮುಂದೆಯೂ ಹಾರಲಿಲ್ಲ. ನನಗೆ ನಂಬಿಕೆ ಬರಲಿಲ್ಲ. ಅವನು ನೆಟ್ ಕಟ್ ಮಾಡಿದ ಮೇಲೆ ಅದೇ ಲೈನಿನ ಫೋನೆತ್ತಿ ಟೈಮ್ ಹೇಳುವ ಟೆಲಿಫೋನ್ ಇಲಾಖೆಯ ನಂಬರಿಗೆ ಡಯಲ್ ಮಾಡಿದೆ. ರೆಕಾರ್ಡಿನ ಹೆಣ್ಣುದನಿ ಹೇಳಿದ್ದೂ ಅವನ ಪರದೆಯ ಸಮಯವನ್ನೇ.

ಎರಡು ನಿಮಿಷ ಮುಂದಿದ್ದುದು ನನ್ನದೇ. ಊರವರ ವಾಚು ರಿಪೇರಿ ಮಾಡುವ ನಾನು ನನ್ನ ಗೋಡೆ ಗಡಿಯಾರವನ್ನು ತಾಳೆ ನೋಡಿ ಎಷ್ಟು ಕಾಲವಾಗಿತ್ತೋ! ಎಷ್ಟು ಸಂಜೆ ಸೂರ್ಯ ಮುಳುಗುವ ಮುಂಚೆಯೇ ಕೈ ಎತ್ತಿ ಎಲ್ಲರ ಉಪವಾಸ ಕೆಡಿಸಿದ್ದೆನೋ! ನಮ್ಮಮ್ಮನದೂ ಅದರಲ್ಲಿ ಸೇರಿತ್ತು.

ಅಷ್ಟರಲ್ಲಿ ನಮ್ಮ ಗದ್ದಲ ಕೇಳಿ ಚಾಚಾ ಬಂದು, ಯಾರದು ಸರಿ ಎಂದು ಕೇಳಿದರು. ನಾನು ಬಾಯಿ ಬಿಡುವ ಮುಂಚೆಯೇ ಅವನು, "ಎರಡೂ ಒಂದೇ ಚಾಚಾ. ನನ್ ನೆಟ್ ಒಂದೊಂದ್ಸಲ ಕೈ ಕೊಡುತ್ತೆ. ನೀವು ಭಾಯ್ ಕೈ ನೋಡ್ಕೊಂಡೇ ಒತ್ತಿ" ಎಂದ.

ನಾನೂ ಸುಮ್ಮನಿದ್ದೆ. ಥೂ, ಸುಮ್ಮನಿದ್ದುಬಿಟ್ಟೆ.

ಆ ಸಂಜೆ ಮತ್ತೆ ನಾನೇ ಕೈ ಎತ್ತಿದೆ. ಗಡಿಯಾರ ಸರಿಮಾಡಿದ್ದರೂ ಧೈರ್ಯ ಸಾಲದೆ, ಕದ್ದು ಅವನ ಪರದೆ ನೋಡಿ ಎತ್ತಿದೆ. ನನಗೆ ಚೆನ್ನಾಗಿ ಕಾಣಲೆಂದು ಅವನು ಅದನ್ನು ನನ್ನ ಅಂಗಡಿಯ ಕಡೆಗೇ ತಿರುಗಿಸಿಟ್ಟಿದ್ದ. ಅದಕ್ಕೂ ನನ್ನ ಹೊಟ್ಟೆ ಉರಿಯಿತು.