ಹಾಳೆಯ ಕೊಳವೆ

ಕಾರಿನ ಹಿಂದಿನ ಸೀಟಿನಲ್ಲಿ ಕೂತ ಕೂಡಲೇ ನನ್ನ ಬಲಗೈ ಬಾಗಿಲಿನ ಹಿಡಿಯನ್ನು ಹುಡುಕುತ್ತದೆ. ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ಎರಡು ಸಲ ನೋಡಿಕೊಂಡ ಮೇಲೆಯೇ ಹೊರಡಲು ಹೇಳುತ್ತೇನೆ. ಮನೆಯವರು ನಗುತ್ತಾರೆ. ಕಾರಣ ಅವರಿಗೆ ಅರ್ಧ ಮಾತ್ರ ಗೊತ್ತು.

ಐವತ್ತರ ದಶಕ ಮುಗಿಯುತ್ತಿತ್ತು. ಮಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಬೇಸಿಗೆ ರಜೆಗೆ ಬಂಟ್ವಾಳದ ಸೋದರಮಾವನ ಮನೆಗೆ ಬಂದಿದ್ದೆ. ಮಾವನಿಗೆ ಪೇಟೆಯಲ್ಲಿ ಅಕ್ಕಿ ಅಂಗಡಿ ಇತ್ತು, ಒಂದು ಹಳೆಯ ಕಾರೂ ಇತ್ತು. ಅದರ ಮೂಲ ಇಂಜಿನ್ ಸತ್ತ ಮೇಲೆ ಮಾವನ ಡ್ರೈವರ್ ಮಿಲಿಟರಿ ಹರಾಜಿನಲ್ಲಿ ಸಿಕ್ಕಿದ ದೊಡ್ಡ ಇಂಜಿನ್ನನ್ನು ತಂದು, ಚಾಸಿ ಕೊರೆದು ಕೂರಿಸಿದ್ದ. ಸಣ್ಣ ಬಾನೆಟ್ಟಿನೊಳಗೆ ದೊಡ್ಡ ಇಂಜಿನ್. ಬೆಳಗ್ಗೆ ಕುದುರೆಯಂತೆ ಓಡುತ್ತಿತ್ತು. ಬಿಸಿಲೇರಿದರೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಒಮ್ಮೆ ಗುರುವಾಯನಕೆರೆಯಲ್ಲಿ, ಬಸ್ಸಿಗೆ ಕಾಯುತ್ತಿದ್ದವರೆಲ್ಲರ ಎದುರು ನಿಂತುಬಿಟ್ಟಿತು. ಮಾವ ಅದನ್ನು ಮರೆಯಲಿಲ್ಲ.

ಡ್ರೈವರಿಗೆ ನನ್ನ ದುಪ್ಪಟ್ಟು ವಯಸ್ಸು. ಆದರೂ ನಾನು ಅವನನ್ನು ‘ನೀನು’ ಎಂದೇ ಕರೆಯುತ್ತಿದ್ದೆ. ಅವನಿಗೆ ಬೇಕಾಗಿದ್ದದ್ದು ಒಂದು ಕಾಗದ. ಮೂಡುಬಿದಿರೆಯ ಒಬ್ಬ ಬಸ್ ಮಾಲಕರು ಅವನನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಇಷ್ಟು ವರ್ಷ ಅಪಘಾತವಿಲ್ಲದೆ ಓಡಿಸಿದ್ದಾನೆ ಎಂದು ಹಳೆಯ ಧನಿಯಾದ ಮಾವ ಇಂಗ್ಲಿಷಿನಲ್ಲಿ ಬರೆದುಕೊಡಬೇಕಿತ್ತು. ಎರಡು ವರ್ಷಗಳಿಂದ ಮಾವ ಆ ಕಾಗದವನ್ನು ನಾಯಿಗೆ ಮೂಳೆ ತೋರಿಸಿದ ಹಾಗೆ ತೋರಿಸುತ್ತಿದ್ದರು.

“ಬರೆದು ಕೊಡ್ತೇನೆ ಮಾರಾಯ. ಮೊದಲು ನಿನ್ನ ಈ ದಮ್ಮಿನ ಮುದುಕಿಯನ್ನು ಒಂದು ಏರು ಹತ್ತಿಸು.”

ರೋಗ ಹುಡುಕಿದ್ದು ಡ್ರೈವರೇ. ಬಾನೆಟ್ಟಿನ ಒಂದು ಬದಿಗೆ ಕೋಲು ಕೊಟ್ಟು ಎತ್ತಿದರೆ ಇಂಜಿನ್ ಸ್ವಲ್ಪ ಸುಧಾರಿಸುತ್ತಿತ್ತು. “ಇದು ತನ್ನ ಬೆವರಿನ ಗಾಳಿಯನ್ನೇ ಕುಡಿಯುವುದು, ಸಣ್ಣ ಧನಿ” ಎಂದ. ಕಾಲೇಜಿನ ಹುಡುಗನಾದ ನನಗೆ ಹುರುಪು ಬಂತು. ಬಿಸಿ ಗಾಳಿ ತೆಳು, ತಣ್ಣನೆಯ ಗಾಳಿ ದಟ್ಟ. ಮುಂದಿನ ಜಾಲರಿಯಿಂದ ಕಾರ್ಬುರೇಟರಿನ ಬಾಯಿಯವರೆಗೆ ಒಂದು ಕೊಳವೆ ಇಟ್ಟರೆ ಹೊರಗಿನ ಗಾಳಿ ನೇರ ಒಳಗೆ ಹೋಗುತ್ತದೆ ಎಂದು ಅಂಗಡಿಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಚಿತ್ರ ಬರೆದು ವಿವರಿಸಿದೆ. ತಗಡಿನ ಕೆಲಸದವನು ಒಂದು ವಾರ ಬೇಕೆಂದ. ಮಾವನಿಗೆ ನಾಡಿದ್ದೇ ಮೂಡುಬಿದಿರೆಗೆ ಹೋಗಬೇಕಿತ್ತು.

“ಹಾಳೆಯಲ್ಲಿ ಮಾಡಿದರಾಯಿತಲ್ಲ?” ಅಂದೆ. ಹೌದು, ನಾನೇ ಅಂದದ್ದು. ನಮ್ಮಲ್ಲಿ ಅಡಿಕೆ ಮರದಿಂದ ಉದುರುವ ಹಾಳೆಯಿಂದ ಏನು ಮಾಡುವುದಿಲ್ಲ? ತಲೆಗೆ ಟೊಪ್ಪಿ, ಊಟಕ್ಕೆ ತಟ್ಟೆ, ಬೀಸಣಿಗೆ, ನೀರು ಮೊಗೆಯುವ ಪಡಿಗ, ಎಲ್ಲವೂ ಅದೇ. ನೆನೆಸಿ ಸುತ್ತಿ, ಬಳ್ಳಿಯಿಂದ ಹೊಲಿದು ಒಣಗಿಸಿದರೆ ಕೊಳವೆ ತಾನಾಗಿ ಗಟ್ಟಿಯಾಗುತ್ತದೆ.

ಡ್ರೈವರ್ ತಲೆಯಾಡಿಸಿದ. “ಬೇಡ ಧನಿ. ಇಂಜಿನ್ ಒಮ್ಮೊಮ್ಮೆ ಕೆಮ್ಮುತ್ತದೆ. ಕೆಮ್ಮಿದರೆ ಕಾರ್ಬುರೇಟರಿನ ಬಾಯಿಯಲ್ಲಿ ಬೆಂಕಿ ಬರುತ್ತದೆ. ಒಣಗಿದ ಹಾಳೆ ಅದು.”

“ನಿನ್ನ ಅಪ್ಪ ಜೀವಮಾನವಿಡೀ ಹಾಳೆಯ ಟೊಪ್ಪಿ ಹಾಕಿದ್ದ. ಬೀಡಿಯನ್ನೂ ಸೇದುತ್ತಿದ್ದ. ಅವನ ತಲೆಗೆ ಬೆಂಕಿ ಹಿಡಿದಿತ್ತೋ?” ಎಂದರು ಮಾವ. ನಾನು ನಕ್ಕೆ. ಜೋರಾಗಿಯೇ ನಕ್ಕೆ.

ಅವನೇ ಕೂತು ಹೊಲಿದ. ಎರಡು ಹಾಳೆಗಳನ್ನು ಒಂದರೊಳಗೊಂದು ಇಟ್ಟು, ಸಂದುಗಳಿಗೆ ಹಲಸಿನ ಮೇಣ ಮೆತ್ತಿ, ಅಷ್ಟು ಚೆಂದದ ಕೊಳವೆ ಮಾಡಿದ. ಮರುದಿನ ಮಧ್ಯಾಹ್ನದ ಬಿಸಿಲಿಗೆ ಓಡಿಸಿ ನೋಡಿದಾಗ ಕಾರು ನಿಲ್ಲಲಿಲ್ಲ. ಆದರೆ ಅವನ ಮುಖ ಅರಳಲಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಾಗಿದೆ, ಅದಕ್ಕೇ ಕೆಮ್ಮು ಜಾಸ್ತಿಯಾಗಿದೆ, ಪೆಟ್ರೋಲ್ ಬರುವ ಜೆಟ್ಟಿನ ತೂತು ಸ್ವಲ್ಪ ದೊಡ್ಡದು ಮಾಡಬೇಕು, ಎರಡು ದಿನ ಕೊಡಿ ಎಂದು ಕೇಳಿದ.

“ನಾಳೆ ಏರಿನಲ್ಲಿ ನಿಲ್ಲದೆ ಮೂಡುಬಿದಿರೆಗೆ ಮುಟ್ಟಿಸು. ಬಸ್ಸಿನ ಆಫೀಸಿನ ಬಾಗಿಲಲ್ಲೇ ಇವನ ಕೈಯಿಂದ ಬರೆಸಿ ಕೊಡ್ತೇನೆ. ನಿಂತರೆ ಇಲ್ಲ” ಎಂದರು ಮಾವ, ನನ್ನತ್ತ ಕೈ ತೋರಿಸಿ.

ನಾನು ಒಳ್ಳೆಯ ಕಾಗದವೊಂದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಡ್ರೈವರ್ ಅದನ್ನು ನೋಡಿದ.

ಆ ಕಾರಿನ ಹಿಂದಿನ ಎಡಬಾಗಿಲನ್ನು ಯಾವ ಕಾಲದಲ್ಲೋ ಬೆಸುಗೆ ಹಾಕಿ ಮುಚ್ಚಿದ್ದರು. ಬಲಬಾಗಿಲಿನ ಚಿಲಕ ಮುರಿದದ್ದರಿಂದ ಹಿಂದೆ ಯಾರಾದರೂ ಕೂತ ಮೇಲೆ ಡ್ರೈವರ್ ಹೊರಗಿನಿಂದ ತೆಂಗಿನ ಹಗ್ಗದಲ್ಲಿ ಕಟ್ಟುತ್ತಿದ್ದ. ಪೆಟ್ರೋಲ್ ಟ್ಯಾಂಕು ಇದ್ದದ್ದು ಮುಂದೆ, ಡ್ರೈವರನ ಮೊಣಕಾಲಿನ ಎದುರು. ಇಂಜಿನ್ನಿಗೂ ಅದಕ್ಕೂ ನಡುವೆ ಒಂದೇ ಒಂದು ತಗಡು.

ಅಂದು ಹಿಂದೆ ನಾನೊಬ್ಬನೇ ಕೂತಿದ್ದೆ, ಮಾವ ಮುಂದೆ. ಏರಿನ ಅರ್ಧದವರೆಗೂ ಕಾರು ಸಲೀಸಾಗಿ ಹತ್ತಿತು. ಮಾವ ಮೀಸೆ ತಿರುವಿದರು. ತಿರುವಿನಲ್ಲಿ ಗೇರ್ ಇಳಿಸಿದಾಗ ಇಂಜಿನ್ ಒಮ್ಮೆ ಕೆಮ್ಮಿತು. ಇನ್ನೊಮ್ಮೆ, ಪಟಾಕಿಯ ಹಾಗೆ. ಬಾನೆಟ್ಟಿನ ಸಂದಿಯಲ್ಲಿ ಹೊಗೆ ಬಂತು. ಒಲೆಯಲ್ಲಿ ಹಾಳೆ ಉರಿಯುವಾಗ ಬರುವ ಅದೇ ವಾಸನೆ. ಆಮೇಲೆ ಕಿತ್ತಳೆ ಬಣ್ಣ.

ಡ್ರೈವರ್ ಕೈಬ್ರೇಕ್ ಎಳೆದು, ಬಗ್ಗಿ ಪೆಟ್ರೋಲಿನ ಕೀಲಿ ತಿರುಗಿಸಿ ಮುಚ್ಚಿದ. ಅಷ್ಟರಲ್ಲಿ ಮಾವ ಇಳಿದು ಆಚೆ ಬದಿಯ ಗೇರುಮರದ ಬುಡದಲ್ಲಿದ್ದರು. ಡ್ರೈವರ್ ಹೊರಗೆ ಹಾರಿ ಬಾನೆಟ್ ಎತ್ತಿದ. ಉರಿ ಅವನ ಎದೆಯ ಎತ್ತರಕ್ಕೆ ಬಂತು. ಅವನು ಹಿಂದಕ್ಕೆ ಓಡಿ ಬಂದು ನನ್ನ ಕಿಟಕಿಗೆ ಕೈ ಚಾಚಿದ.

“ಕೋಟು ಕೊಡಿ, ಸಣ್ಣ ಧನಿ. ಮುಚ್ಚುತ್ತೇನೆ.”

ಕಾಲೇಜಿನ ಕೋಟು ನನ್ನ ಮಡಿಲಲ್ಲೇ ಇತ್ತು. ನಾನು ಅದನ್ನು ಎದೆಗೆ ಒತ್ತಿ ಹಿಡಿದು, “ಹಗ್ಗ ಬಿಚ್ಚು, ಮೊದಲು ಹಗ್ಗ ಬಿಚ್ಚು” ಎಂದೆ. ಅವನು ಹಗ್ಗದ ಗಂಟನ್ನು ನೋಡಿದ, ಬೆಂಕಿಯನ್ನು ನೋಡಿದ. ಗಂಟು ಬಿಚ್ಚುವಷ್ಟರಲ್ಲಿ ಟ್ಯಾಂಕಿಗೆ ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು. “ಧನಿ, ನಿಮ್ಮ ಶಾಲು” ಎಂದು ಮಾವನಿಗೆ ಕೂಗಿದ. ಮಾವ ಜರಿಯ ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡು, “ಕೈ ಉಂಟಲ್ಲ ನಿನಗೆ” ಎಂದರು.

ಅವನು ಉರಿಯುವ ಕೊಳವೆಯನ್ನು ಕೈಯಿಂದಲೇ ಕಿತ್ತ. ಒಮ್ಮೆಗೆ ಬರಲಿಲ್ಲ, ಅವನೇ ಅಷ್ಟು ಗಟ್ಟಿಯಾಗಿ ಹೊಲಿದಿದ್ದ. ಹಲಸಿನ ಮೇಣ ಕುದಿದು ಬೆರಳುಗಳಿಗೆ ಅಂಟುತ್ತಿತ್ತು. ಕೊಳವೆ ಬಿಡಿಸಿ ರಸ್ತೆಗೆ ಎಸೆದ. ಕಾರ್ಬುರೇಟರಿನ ಬಾಯಿಗೆ ರಸ್ತೆಯ ಮಣ್ಣನ್ನು ಎರಡೂ ಅಂಗೈಯಲ್ಲಿ ಗೋರಿ ಸುರಿದ. ಬೆಂಕಿ ಆರಿತು. ಮುಂದಿನ ಸೀಟು ದಾಟಿ ನಾನು ಹೊರಗೆ ಹೋಗಬಹುದಿತ್ತು ಎಂಬುದು ನನಗೆ ಹೊಳೆದದ್ದು ಮೂರು ದಿನಗಳ ನಂತರ.

ಆಗಲೇ ಬಸ್ಸೊಂದು ಏರು ಹತ್ತಿ ಬಂತು. ಕಿಟಕಿಯಿಂದ ಯಾರೋ, “ಏನು ಧನಿ, ಕೋಳಿ ಸುಡುವುದಾ?” ಎಂದು ಕೇಳಿದ. ಬಸ್ಸಿಡೀ ನಕ್ಕಿತು. ಮಾವನ ಕಿವಿ ಕೆಂಪಾಯಿತು. ಬಸ್ಸು ಮರೆಯಾದ ಮೇಲೆ ಅವರು ಮೊದಲು ಆಡಿದ ಮಾತು, “ನಿಂತಿತಲ್ಲ.”

ಮಾವ ಹಗ್ಗ ಬಿಚ್ಚಿ ನನ್ನನ್ನು ಇಳಿಸಿದರು. ಕಾರನ್ನು ಏರಿನ ಬುಡದವರೆಗೆ ಇಳಿಜಾರಿನಲ್ಲೇ ಬಿಡಬೇಕಿತ್ತು. ಕೈ ಆಗುವುದಿಲ್ಲ ಎಂದ ಡ್ರೈವರ್. ಅಂಗೈಯ ಚರ್ಮ ಗಂಜಿಯ ಕೆನೆಯ ಹಾಗೆ ಮಡಚಿಕೊಂಡಿತ್ತು.

“ಕಾಲು ಸುಟ್ಟಿಲ್ಲವಲ್ಲ. ಬ್ರೇಕಿಗೆ ಕಾಲು ಸಾಕು” ಎಂದರು ಮಾವ.

ಅವನು ಮೊಣಕೈಗಳಿಂದ ಸ್ಟಿಯರಿಂಗ್ ಹಿಡಿದು ಇಳಿಸಿದ. ನಾನೂ ಮಾವನೂ ಹಿಂದಿನಿಂದ ನಡೆದೆವು.

ಹತ್ತು ದಿನ ಕಳೆದು ಅವನು ಅಂಗಡಿಗೆ ಬಂದ. ಎರಡೂ ಕೈಗೆ ಮಣಿಗಂಟಿನವರೆಗೆ ಬಟ್ಟೆ ಸುತ್ತಿತ್ತು. ಬಸ್ಸಿನ ಮಾಲಕರು ಕೈ ವಾಸಿಯಾಗುವವರೆಗೆ ಕಾಯುತ್ತಾರಂತೆ, ಕಾಗದ ಮಾತ್ರ ಈಗಲೇ ಬೇಕಂತೆ. ಮಾವ ನನ್ನನ್ನು ಕರೆದು ಅವನ ಎದುರಿಗೇ, ನಗುನಗುತ್ತಾ, “ಬರೆದು ಕೊಡುವ. ಪಾಪ” ಎಂದರು. ಒಳಗಿನ ಕೋಣೆಗೆ ಕರೆದೊಯ್ದು ತುಳುವಿನಲ್ಲಿ ಮೆಲ್ಲಗೆ ಹೇಳಿದರು. ಅಂದಿನ ಅದೇ ಕಾಗದದ ಮೇಲೆ ನಾನು ಅದನ್ನು ಇಂಗ್ಲಿಷಿಗೆ ಮಾಡಿದೆ: ಈತ ಇಂಜಿನ್ನಿನ ಒಳಗೆ ಒಣಹಾಳೆ ಕಟ್ಟಿ ಕಾರಿಗೆ ಬೆಂಕಿ ಹಚ್ಚಿದ್ದಾನೆ, ಈತನ ಕೈಗೆ ವಾಹನ ಕೊಡುವುದು ಸುರಕ್ಷಿತವಲ್ಲ. ಅಕ್ಷರ ಚೆನ್ನಾಗಿ ಬಂತು. ಕಾಲೇಜಿನ ಫೀಸು ಮಾವ ಕಟ್ಟುತ್ತಿದ್ದರು. ಅದನ್ನು ನಾನು ಬಹಳ ವರ್ಷ ಕಾರಣವೆಂದು ಹೇಳಿಕೊಂಡಿದ್ದೇನೆ.

ಹೊರಗೆ ಬಂದು ಕಾಗದ ಚಾಚಿದೆ. ಅವನಿಗೆ ಹಿಡಿಯಲು ಬರಲಿಲ್ಲ, ಓದಲೂ ಬರುತ್ತಿರಲಿಲ್ಲ.

“ಒಳ್ಳೆಯದಾಗಿ ಬರೆದಿದ್ದೀರಲ್ಲ, ಸಣ್ಣ ಧನಿ?”

“ಹೌದು” ಅಂದೆ.

ಅವನು ಎದೆ ಮುಂದೆ ಮಾಡಿ ನಿಂತ. ನಾನು ಕಾಗದ ಮಡಚಿ ಅವನ ಜೇಬಿಗೆ ಇಟ್ಟೆ.

“ಜೇಬಿನ ಗುಬ್ಬಿಯೂ ಹಾಕಿಬಿಡಿ. ಬಸ್ಸಿನಲ್ಲಿ ಬೀಳ್ತದೆ.”

ಜೇಬಿನ ಗುಂಡಿ ಹಾಕಿದೆ. ಮೂಡುಬಿದಿರೆಯ ಬಸ್ಸು ಬಂದಾಗ ಅವನಿಗೆ ಕಂಬಿ ಹಿಡಿದು ಹತ್ತಲಾಗಲಿಲ್ಲ. ಕಂಡಕ್ಟರ್ ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟು ಅವನನ್ನು ಮೇಲೆ ತಳ್ಳಿದ.